ವಾಕ್ಯ ಓದಿ, ಹೂವು ನೋಡಿ, ಆಮೇಲೆ ಅಣ್ಣನ ಮನೆಗೆ: ತಪಸ್ಸು ಕಾಲದ ಒಂದು ದಾರಿ

ಕೊಡಗಿನಲ್ಲಿ ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ತಪಸ್ಸು ಕಾಲವೂ ಕಾಫಿ ಹೂವೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಫೆಬ್ರವರಿ ಕೊನೆಗೋ ಮಾರ್ಚಿನಲ್ಲೋ ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅದೇ ಹೊತ್ತಿಗೆ ಚರ್ಚಿನೊಳಗೆ ಬಲಿಪೀಠದ ಹತ್ತಿರ ಒಂದು ಹೂವೂ ಇರೋದಿಲ್ಲ. ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂವಿನ ಅಲಂಕಾರ ಬೇಡ ಅನ್ನೋದು ಕ್ಯಾಥೋಲಿಕ್ ಧರ್ಮಸಭೆಯ ನಿಯಮ. ನಾಲ್ಕನೇ ಭಾನುವಾರಕ್ಕೆ ಮತ್ತು ನಡುವೆ ಬರುವ ದೊಡ್ಡ ಹಬ್ಬಗಳಿಗೆ ಮಾತ್ರ ವಿನಾಯಿತಿ. ಒಳಗೆ ಗುರುಗಳ ನೇರಳೆ ಉಡುಪು, ಬರಿಯ ಪೀಠ. ಬಾಗಿಲಿನಾಚೆ ಬೆಟ್ಟದ ಉದ್ದಕ್ಕೂ ಬಿಳಿ ಹೂವು. ಎಷ್ಟೋ ವರ್ಷ ಇದನ್ನು ನೋಡಿಯೂ ನೋಡದ ಹಾಗೆ ಇದ್ದೆ.

ನಾನೂ ನನ್ನ ಅಣ್ಣನೂ ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಸಿದ್ದಾಪುರದ ಹತ್ತಿರ ಅಪ್ಪ ಮಾಡಿದ ಸಣ್ಣ ತೋಟ, ಅಪ್ಪ ತೀರಿಕೊಂಡ ಮೇಲೆ ಎರಡು ಪಾಲಾಯಿತು. ಗಡಿಯಲ್ಲಿ ಎರಡು ಸಿಲ್ವರ್ ಓಕ್ ಮರ. ಎರಡಕ್ಕೂ ಮೆಣಸಿನ ಬಳ್ಳಿ ಹಬ್ಬಿತ್ತು. ಮರ ಯಾರ ಕಡೆ ಅನ್ನೋದರಲ್ಲಿ ಶುರುವಾದ ಮಾತು ಅಪ್ಪನ ಆಸ್ಪತ್ರೆ ಖರ್ಚಿನವರೆಗೆ, ಅತ್ತಿಗೆಯ ತವರುಮನೆಯವರೆಗೆ ಹೋಯಿತು. ಇಬ್ಬರೂ ಒಂದೇ ಚರ್ಚಿಗೆ, ಒಂದೇ ಪೂಜೆಗೆ ಹೋಗುತ್ತಿದ್ದೆವು. ಅವನು ಎಡಗಡೆ ಬೆಂಚು, ನಾನು ಬಲಗಡೆ. ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳುವ ಹೊತ್ತು ಬಂದಾಗ ನಾನು ಹಿಂದಿನ ಬೆಂಚಿನವರ ಕಡೆ ತಿರುಗಿಬಿಡುತ್ತಿದ್ದೆ.

ಒಂದು ಸಲ ಹೆಂಡತಿಯ ಒತ್ತಾಯಕ್ಕೆ ಅವನ ಮನೆಗೆ ಹೋದೆ. ಅಂಗಳದಲ್ಲೇ ನಿಂತು, "ಆಗಿದ್ದು ಆಯಿತು ಅಣ್ಣಾ, ಆದರೆ ನೀನು ಮಾಡಿದ್ದೂ ತಪ್ಪೇ ಅಲ್ವಾ?" ಅಂದೆ. ಐದು ನಿಮಿಷದಲ್ಲಿ ಮೊದಲಿಗಿಂತ ದೊಡ್ಡ ಜಗಳವಾಯಿತು. ಕ್ಷಮೆ ಕೇಳೋಕೆ ಹೋದವನು ಲೆಕ್ಕ ಕೇಳಿ ಬಂದಿದ್ದೆ.

ಎರಡನೇ ಸಲ ಹೋದಾಗ ಹಾಗಾಗಲಿಲ್ಲ. ಅದರ ನಡುವೆ ಒಂದು ಪೂರ್ತಿ ತಪಸ್ಸು ಕಾಲ ಕಳೆದಿತ್ತು. ಮೊದಲು ದೇವರ ವಾಕ್ಯ, ಆಮೇಲೆ ಕಣ್ಣಿಗೆ ಬೀಳುವ ಚೆಲುವು, ಆಮೇಲೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆ, ಕೊನೆಗೆ ಅಣ್ಣನ ಮನೆ. ಈ ಕ್ರಮ ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಯಾರ ಜೊತೆಗಾದರೂ ಮನಸ್ಸು ಮುರಿದುಕೊಂಡು ಕೂತವರಿಗೆ ಉಪಯೋಗವಾಗಲಿ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಬೂದಿ ಬುಧವಾರದಿಂದ ಪಾಸ್ಖದವರೆಗಿನ ದಿನಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ ವರ್ಷದ ಯಾವ ತಿಂಗಳಲ್ಲಾದರೂ ಶುರು ಮಾಡಬಹುದು. ಕ್ರೈಸ್ತರಲ್ಲದವರೂ ಓದು, ನೋಟ, ಭೇಟಿ ಈ ಮೂರನ್ನು ಮಾಡಬಹುದು. ಪಾಪನಿವೇದನೆ ಸಂಸ್ಕಾರ ದೀಕ್ಷಾಸ್ನಾನ ಪಡೆದ ಕ್ಯಾಥೋಲಿಕರಿಗೆ. ಆದರೆ ಗುರುಗಳ ಹತ್ತಿರ ಕೂತು ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಹೋಗಬಹುದು.

ಜಾಗ, ಹೊತ್ತು, ಪುಸ್ತಕ

ದಿನಕ್ಕೆ 20 ನಿಮಿಷ ಸಾಕು. ಒಂದೇ ಹೊತ್ತು, ಒಂದೇ ಜಾಗ ಇಟ್ಟುಕೊಳ್ಳಿ. ನನ್ನದು ಬಚ್ಚಲೊಲೆಯ ಮುಂದೆ, ಬೆಳಗ್ಗೆ ಐದೂವರೆಗೆ. ಆ ಹೊತ್ತಿಗೆ ಚಳಿ ಇರುತ್ತದೆ, ನೀರು ಕಾಯಬೇಕು, ಹೇಗೂ ಯಾರಾದರೂ ಒಲೆ ಮುಂದೆ ಕೂರಲೇಬೇಕು. ಕೆಲಸದವರು ಬರೋ ಮೊದಲು ಮನೆ ಶಾಂತವಾಗಿರುತ್ತದೆ. ನಿಮಗೆ ರಾತ್ರಿ ಅನುಕೂಲವಾದರೆ ರಾತ್ರಿಯೇ ಇರಲಿ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಬೈಬಲ್ ಇದೆಯಲ್ಲ ಅನ್ನಬೇಡಿ, ಅದರಲ್ಲಿ ತೋಟದ ಮೆಸೇಜೂ ಇರುತ್ತದೆ.

ಪುಸ್ತಕ ಕ್ಯಾಥೋಲಿಕ್ ಬೈಬಲ್ ಆದರೆ ಒಳ್ಳೆಯದು. ಅದರಲ್ಲಿ 73 ಗ್ರಂಥಗಳಿರುತ್ತವೆ. ಪರಿವಿಡಿಯಲ್ಲಿ ತೋಬಿತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಮಕ್ಕಬಿಯರು ಇವೆಯಾ ನೋಡಿದರೆ ಗೊತ್ತಾಗುತ್ತದೆ. ಜ್ಞಾನಗ್ರಂಥ ಮುಂದೆ ಬೇಕಾಗುತ್ತದೆ. ನಿಮ್ಮ ಮನೆಮಾತು ಕೊಂಕಣಿಯೋ ಮಲಯಾಳವೋ ತಮಿಳೋ ಆಗಿದ್ದರೆ ಆ ಭಾಷೆಯ ಬೈಬಲ್ಲೇ ಇಟ್ಟುಕೊಳ್ಳಿ. ಕೋಪ ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತೀರೋ ಆ ಭಾಷೆಯಲ್ಲಿ ವಾಕ್ಯ ಓದಿದರೆ ಅದು ಒಳಗೆ ಹೋಗುತ್ತದೆ.

ಓದುವುದು: ನಾಲ್ಕು ಮೆಟ್ಟಿಲು

12ನೇ ಶತಮಾನದಲ್ಲಿ ಫ್ರಾನ್ಸಿನ ಬೆಟ್ಟಗಳ ನಡುವಿನ ಒಂದು ಮಠದಲ್ಲಿ ಗೀಗೊ ಅನ್ನುವ ಸನ್ಯಾಸಿ ಇದ್ದರು. ವಾಕ್ಯವನ್ನು ಪ್ರಾರ್ಥನೆಯಾಗಿ ಓದುವ ಹಳೇ ಪದ್ಧತಿಯನ್ನು ಅವರು ನಾಲ್ಕು ಮೆಟ್ಟಿಲಿನ ಏಣಿಗೆ ಹೋಲಿಸಿದರು. ಓದು, ಮನನ, ಪ್ರಾರ್ಥನೆ, ಸುಮ್ಮನೆ ದೇವರ ಮುಂದೆ ಇರುವುದು. ಮೆಣಸು ಕೊಯ್ಯೋಕೆ ಏಣಿ ಹತ್ತುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಳಗಿನ ಮೆಟ್ಟಿಲು ಗಟ್ಟಿ ಇದೆಯಾ ನೋಡದೆ ಮೇಲಿನದಕ್ಕೆ ಕಾಲಿಡುವ ಹಾಗಿಲ್ಲ. ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೈಬಲ್ ಓದು ಗುರುಗಳಿಗೆ ಮಾತ್ರವಲ್ಲ, ಎಲ್ಲರಿಗೂ ಬೇಕು, ಓದಿನ ಜೊತೆ ಪ್ರಾರ್ಥನೆಯೂ ಇರಬೇಕು ಅಂತ ಹೇಳಿತು. ಹಾಗಾಗಿ ಇದು ಮಠದವರ ಕೆಲಸ ಅಂತ ಬಿಡಬೇಕಾಗಿಲ್ಲ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಬೈಬಲಿನ ಮೊದಲ ಗ್ರಂಥ ಆದಿಕಾಂಡದ 32 ಮತ್ತು 33ನೇ ಅಧ್ಯಾಯ. ಯಕೋಬ, ಏಸಾವ. ಅಣ್ಣ ತಮ್ಮಂದಿರ ಪಾಲಿನ ಜಗಳ, ನಮ್ಮ ಕಡೆ ಇಲ್ಲದ ಮನೆ ಯಾವುದು ಹೇಳಿ.

ಮೊದಲು ಜೋರಾಗಿ ಓದಿ. ಕಿವಿಗೆ ಬೀಳಬೇಕು. ತಮ್ಮ ಯಕೋಬ ಮೋಸದಿಂದ ಅಣ್ಣನಿಗೆ ಸೇರಬೇಕಾದ ಆಶೀರ್ವಾದ ಪಡೆದು ಊರು ಬಿಟ್ಟಿದ್ದಾನೆ. 20 ವರ್ಷದ ಮೇಲೆ ವಾಪಸ್ ಬರುತ್ತಿದ್ದಾನೆ. ಅಣ್ಣ ಏಸಾವ 400 ಜನರನ್ನು ಕಟ್ಟಿಕೊಂಡು ಎದುರಿಗೆ ಬರುತ್ತಿದ್ದಾನೆ ಅಂತ ಸುದ್ದಿ. ಯಕೋಬನಿಗೆ ಜೀವಭಯ. ಅಣ್ಣನನ್ನು ಸಮಾಧಾನ ಮಾಡೋಕೆ ಮುಂದಾಗಿ ಕಾಣಿಕೆ ಕಳಿಸುತ್ತಾನೆ. 200 ಮೇಕೆ, 20 ಹೋತ, 200 ಕುರಿ, 20 ಟಗರು, ಮರಿ ಇರುವ 30 ಒಂಟೆ, 40 ಹಸು, 10 ಹೋರಿ, ಕತ್ತೆಗಳು. ಈ ಲೆಕ್ಕವನ್ನು ಹಾರಿಸಬೇಡಿ. ಹೆದರಿದ ಮನುಷ್ಯ ಹೇಗೆ ಲೆಕ್ಕ ಹಾಕುತ್ತಾನೆ ಅನ್ನೋದು ಅಲ್ಲಿದೆ.

ಎರಡನೇ ಸಲ ನಿಧಾನವಾಗಿ ಓದಿ. ಒಂದು ಮಾತು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅಲ್ಲೇ ನಿಂತುಬಿಡಿ, ಅಧ್ಯಾಯ ಮುಗಿಸುವ ಅವಸರ ಬೇಡ. ನನ್ನನ್ನು ತಡೆದಿದ್ದು 33ನೇ ಅಧ್ಯಾಯದ 4ನೇ ವಚನ. ಯಕೋಬ ಏಳು ಸಲ ನೆಲದವರೆಗೆ ಬಗ್ಗುತ್ತಾ ಬರುತ್ತಾನೆ. ಏಸಾವ ಮಾತ್ರ ಓಡಿ ಬರುತ್ತಾನೆ. ತಬ್ಬಿಕೊಳ್ಳುತ್ತಾನೆ, ಕುತ್ತಿಗೆಯ ಮೇಲೆ ಬಿದ್ದು ಮುದ್ದಿಡುತ್ತಾನೆ, ಇಬ್ಬರೂ ಅಳುತ್ತಾರೆ. ಲೂಕನ ಶುಭಸಂದೇಶ 15ನೇ ಅಧ್ಯಾಯ, 20ನೇ ವಚನ ತೆಗೆದು ಪಕ್ಕದಲ್ಲಿಟ್ಟು ನೋಡಿ. ಕಳೆದುಹೋದ ಮಗನನ್ನು ದೂರದಿಂದಲೇ ಕಂಡ ತಂದೆ ಮಾಡುವುದೂ ಇದನ್ನೇ. ಓಡಿ ಬರುತ್ತಾನೆ, ಕುತ್ತಿಗೆಗೆ ಬಿದ್ದು ಮುದ್ದಿಡುತ್ತಾನೆ. ಯೇಸುಸ್ವಾಮಿ ದೇವರ ಪ್ರೀತಿಯನ್ನು ಹೇಳೋಕೆ ಬಳಸಿದ ಚಿತ್ರ ಮೋಸ ಹೋದ ಅಣ್ಣ ಏಸಾವನಲ್ಲಿ ಮೊದಲೇ ಇದೆ. ಇದನ್ನು ಕಂಡ ದಿನ ಒಲೆಗೆ ಸೌದೆ ಹಾಕೋದೂ ಮರೆತಿದ್ದೆ.

ಮೂರನೆಯದು ಪ್ರಾರ್ಥನೆ. ವಾಕ್ಯ ಓದಿ ಮನಸ್ಸಿನಲ್ಲಿ ಏನು ಎದ್ದಿತೋ ಅದನ್ನೇ ದೇವರಿಗೆ ಹೇಳಿ. ಚೆಂದದ ಮಾತು ಬೇಡ. "ನನಗೆ ಅವನ ಮುಖ ನೋಡೋಕೂ ಇಷ್ಟ ಇಲ್ಲ ಸ್ವಾಮಿ" ಅನ್ನೋದೂ ಪ್ರಾರ್ಥನೆಯೇ. ನನ್ನದು ಎರಡು ವಾರ ಅಷ್ಟೇ ಇತ್ತು.

ನಾಲ್ಕನೆಯದರಲ್ಲಿ ಮಾಡೋಕೆ ಏನೂ ಇಲ್ಲ. ಐದು ನಿಮಿಷ ಸುಮ್ನೆ ಕೂರಿ. ಮನಸ್ಸು ಎಲ್ಲಿಗೋ ಹೋದರೆ ತಡೆದು ನಿಲ್ಲಿಸಿದ ಆ ಮಾತನ್ನೇ ಮತ್ತೊಮ್ಮೆ ಮೆಲ್ಲಗೆ ಹೇಳಿಕೊಳ್ಳಿ.

ವಾರಕ್ಕೆ ಒಂದೇ ಭಾಗ ಇಟ್ಟುಕೊಂಡು ಏಳು ದಿನವೂ ಅದನ್ನೇ ಓದಿ ಅನ್ನೋದು ನನ್ನ ಸಲಹೆ. ಯಕೋಬ ಏಸಾವರ ಕತೆ ಆದ ಮೇಲೆ ಲೂಕ 15, ಆಮೇಲೆ 2 ಸಮುವೇಲ 12 ಮತ್ತು ಕೀರ್ತನೆ 51, ಆಮೇಲೆ ಲೂಕ 19ರ ಸುಂಕದವನು ಜಕ್ಕಾಯ, ಮತ್ತಾಯ 18. ಕೊನೆಗೆ ಯೊವಾನ್ನನ ಶುಭಸಂದೇಶದ 18 ಮತ್ತು 21ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಯೇಸುವನ್ನು ಬಂಧಿಸಿದ ರಾತ್ರಿ, ಚಳಿಗೆ ಕೆಂಡ ಕಾಯಿಸಿಕೊಳ್ಳುತ್ತಾ ನಿಂತ ಶಿಷ್ಯ ಪೇತ್ರ ಅವರನ್ನು ಅರಿಯೆ ಅನ್ನೋದು 18ರಲ್ಲಿ. ಪುನರುತ್ಥಾನದ ಮೇಲೆ ಕೆರೆಯ ದಡದಲ್ಲಿ ಯೇಸುವೇ ಕೆಂಡ ಮಾಡಿ, ಮೀನು ಸುಟ್ಟು, "ಬನ್ನಿ, ಊಟ ಮಾಡಿ" ಅಂತ ಕರೆಯೋದು 21ರಲ್ಲಿ. ಪೇತ್ರ ಮೂರು ಸಲ ಅರಿಯೆ ಅಂದಿದ್ದ. ಇಲ್ಲಿ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಅನ್ನುವ ಪ್ರಶ್ನೆ. ತಪ್ಪು ನಡೆದಿದ್ದೂ ಕೆಂಡದ ಪಕ್ಕ, ಅದು ವಾಸಿಯಾಗಿದ್ದೂ ಕೆಂಡದ ಪಕ್ಕ. ಯೇಸು ಅವನನ್ನು ಬೈಯಲಿಲ್ಲ, ಮೊದಲು ಊಟ ಕೊಟ್ಟರು. ಈ ಎರಡು ಅಧ್ಯಾಯವನ್ನು ಒಲೆಯ ಮುಂದೆ ಓದಿದವರಿಗೆ ಬೇರೆ ವ್ಯಾಖ್ಯಾನ ಬೇಕಾಗೋದಿಲ್ಲ.

ನೋಡುವುದು: ದಿನಕ್ಕೆ ಹತ್ತು ನಿಮಿಷ

ಈ ಹೆಜ್ಜೆಯನ್ನು ಜನ ಬಿಟ್ಟುಬಿಡುತ್ತಾರೆ. ಚೆಲುವಿಗೂ ಜಗಳಕ್ಕೂ ಏನು ಸಂಬಂಧ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಜ್ಞಾನಗ್ರಂಥದ 13ನೇ ಅಧ್ಯಾಯ, 5ನೇ ವಚನ ತೆಗೆಯಿರಿ. ಸೃಷ್ಟಿಯ ಹಿರಿಮೆಯನ್ನು, ಸೌಂದರ್ಯವನ್ನು ನೋಡಿದರೆ ಸೃಷ್ಟಿ ಮಾಡಿದಾತನ ಅರಿವು ಬರುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಹೊಲದ ಹೂಗಳನ್ನು ಗಮನಿಸಿ ಅಂತ ಯೇಸುವೂ ಹೇಳಿದರು. ಸುಮ್ಮನೆ ಕಣ್ಣು ಹಾಯಿಸಿ ಅಂತ ಅಲ್ಲ.

ಮನಸ್ಸು ಮುರಿದುಕೊಂಡವರಿಗೆ ಒಂದು ರೋಗ ಇರುತ್ತದೆ. ಎಲ್ಲವನ್ನೂ ಲೆಕ್ಕವಾಗಿಯೇ ನೋಡೋದು. ನನಗೆ ನಾಲ್ಕು ವರ್ಷ ಆ ಸಿಲ್ವರ್ ಓಕ್ ಮರ ಕಂಡಿರಲೇ ಇಲ್ಲ. ಮರದ ಬೆಲೆ ಕಾಣುತ್ತಿತ್ತು, ಬಳ್ಳಿಯ ಮೆಣಸಿನ ತೂಕ ಕಾಣುತ್ತಿತ್ತು. ಅಣ್ಣನೂ ಹಾಗೆಯೇ. ಅವನ ಮುಖ ಕಾಣುತ್ತಿರಲಿಲ್ಲ, ಅವನು ನನಗೆ ಮಾಡಿದ್ದು ಮಾತ್ರ ಕಾಣುತ್ತಿತ್ತು. ಈ ಕಣ್ಣು ಸರಿಯಾಗದೆ ಕ್ಷಮೆಯ ಮಾತು ನಾಲಿಗೆಗೆ ಬರೋದಿಲ್ಲ.

ಹಾಗಾಗಿ ದಿನಕ್ಕೆ ಹತ್ತು ನಿಮಿಷ ಒಂದೇ ಒಂದು ವಸ್ತು ನೋಡಿ. ಫೋಟೋ ತೆಗೆಯಬೇಡಿ. ನಾನು ಒಂದು ರೊಬಸ್ಟಾ ಕಾಫಿ ಗಿಡದ ಒಂದೇ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಆರಿಸಿಕೊಂಡಿದ್ದೆ. ಮಳೆಗೆ ಮೊದಲು ಗಂಟು ಗಂಟಿನಲ್ಲೂ ಹಸಿರು ಮೊಗ್ಗು ಗುಂಪಾಗಿ, ಗಟ್ಟಿಯಾಗಿ ಕೂತಿರುತ್ತದೆ. ನೀರು ಬೀಳುವವರೆಗೆ ಹಾಗೇ ಇರುತ್ತದೆ, ಎಷ್ಟು ದಿನವಾದರೂ ಸರಿ. ಮಳೆ ಬಿದ್ದ ಮೇಲೆ ದಿನದಿನಕ್ಕೆ ಉದ್ದವಾಗುತ್ತದೆ, ತುದಿ ಬೆಳ್ಳಗಾಗುತ್ತದೆ, ಚೂಪಾಗುತ್ತದೆ. ಒಂದು ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಮಲ್ಲಿಗೆಯಂಥ ವಾಸನೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಹೂವೂ ಸಣ್ಣ ನಕ್ಷತ್ರ, ನಡುವೆ ಕೇಸರ ಹೊರಗೆ ಚಾಚಿಕೊಂಡಿರುತ್ತದೆ. ಜೇನಿನ ಸದ್ದು ತೋಟದ ಉದ್ದಕ್ಕೂ ಒಂದೇ ಸಮ. ಎರಡು ಮೂರು ದಿನಕ್ಕೆ ಕಂದಾಗಿ ಮುಗಿದುಹೋಗುತ್ತದೆ.

ರೊಬಸ್ಟಾ ಬೆಳೆಯುವವರಿಗೆ ಗೊತ್ತಿರುವ ಒಂದು ಸಂಗತಿ ಇದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ತರಬೇಕು, ಜೇನು ತರಬೇಕು. ಹೂ ಬಿಟ್ಟ ದಿನ ತೋಟದೊಳಗೆ ಕೆಲಸ ಇಟ್ಟುಕೊಳ್ಳದೆ ಸುಮ್ಮನೆ ಬಿಡೋದು ಅದಕ್ಕೇ. ಆ ದಿನ ಬೇಲಿ ಹತ್ತಿರ ನಿಂತಿದ್ದೆ. ಜೇನುಹುಳ ಅಣ್ಣನ ಗಿಡದಿಂದ ನನ್ನ ಗಿಡಕ್ಕೆ, ನನ್ನ ಗಿಡದಿಂದ ಅವನದಕ್ಕೆ ಓಡಾಡುತ್ತಿದ್ದವು. ನಾವು ಮಾತು ಬಿಟ್ಟ ನಾಲ್ಕೂ ವರ್ಷ ನನ್ನ ಗಡಿ ಸಾಲಿನ ಗಿಡಗಳು ಕಾಯಿ ಕಟ್ಟಿದ್ದವು. ಅದರಲ್ಲಿ ಅವನ ಗಿಡದ ಪಾಲೂ ಇತ್ತು. ಅಲ್ಲೇ ಕಲ್ಲಿನ ಮೇಲೆ ಕೂತೆ. ಅತ್ತುಬಿಟ್ಟೆ ಅಂತ ಹೇಳೋಕೆ ನಾಚಿಕೆ ಇಲ್ಲ.

ಪೇಟೆಯಲ್ಲಿರುವವರಿಗೆ ತೋಟ ಇರಲಿಕ್ಕಿಲ್ಲ. ಚರ್ಚಿದೆಯಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಪೂಜೆ ಇಲ್ಲದ ಹೊತ್ತಿನಲ್ಲಿ ಹೋಗಿ ಕೂರಿ. ಎತ್ತರದ ಗೋಪುರ, ಒಳಗಿನ ತಂಪು. ಅದರ ಕತೆಯೂ ನೆನಪಿರಲಿ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ, 1792ರಲ್ಲಿ ಅಲ್ಲಿ ಚರ್ಚು ಶುರುವಾಯಿತು. ಕೈಯಲ್ಲಿ ಏನೂ ಇಲ್ಲದೆ ಬಂದವರಿಗೆ, ಬೇರೆ ಧರ್ಮದ ಅರಸ ಜಾಗ ಕೊಟ್ಟ. ಅಂಥವರ ಸಾಲಿನಲ್ಲಿ ಬಂದ ನಾವು ಒಂದು ಮರಕ್ಕೆ ಜಗಳ ಮಾಡುತ್ತಿದ್ದೆವು.

ಆತ್ಮಶೋಧನೆ: ಒಂದು ಹಾಳೆ, ಒಂದು ಪೆನ್ನು

ಮೂರನೇ ವಾರದ ಹೊತ್ತಿಗೆ ಇದನ್ನು ಮಾಡಿ. ಹಾಳೆಯಲ್ಲಿ ನೀವು ಮಾಡಿದ್ದನ್ನು ಮಾತ್ರ ಬರೆಯಿರಿ. "ಅವನು ಹಾಗೆ ಮಾಡಿದ್ದಕ್ಕೆ ನಾನು ಹೀಗೆ ಮಾಡಿದೆ" ಅನ್ನುವ ವಾಕ್ಯ ಬಂದರೆ ಮೊದಲ ಅರ್ಧ ಹೊಡೆದುಹಾಕಿ.

ಇದಕ್ಕೆ 2 ಸಮುವೇಲ 12ನೇ ಅಧ್ಯಾಯದಂಥ ಸಹಾಯ ಬೇರೆ ಇಲ್ಲ. ದಾವೀದ ರಾಜ ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು, ಅವಳ ಗಂಡನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದಾನೆ. ನಾತಾನ ಪ್ರವಾದಿ ಬಂದು ಒಂದು ಕತೆ ಹೇಳುತ್ತಾನೆ. ದೊಡ್ಡ ಮಂದೆ ಇದ್ದ ಶ್ರೀಮಂತ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕತೆ. ದಾವೀದ ಕೆಂಡಾಮಂಡಲವಾಗುತ್ತಾನೆ. "ಆ ಮನುಷ್ಯ ನೀನೇ" ಅನ್ನುತ್ತಾನೆ ನಾತಾನ.

ಇದನ್ನು ಓದಿದ ಮೂರನೇ ದಿನ ನನಗೆ ಮೆಣಸಿನ ನೆನಪಾಯಿತು. ಗಡಿಯ ಎರಡು ಮರದಲ್ಲಿ ಕೆಳಗಿನದು ಅಣ್ಣನಿಗೆ ಅಂತ ಅಪ್ಪ ಬಾಯಿಮಾತಿನಲ್ಲಿ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಆ ಬಳ್ಳಿಯ ಮೆಣಸು ಕೊಯ್ದಿದ್ದೆ, ಒಂದು ಸಲವಂತೂ ಅತ್ತಿಗೆಯ ಆಪರೇಷನ್‌ಗೆ ಅಂತ ಅವರೆಲ್ಲ ಮೈಸೂರಿಗೆ ಹೋಗಿದ್ದಾಗ. ಒಣಗಿಸಿದ ಮೇಲೆ ಎರಡೂ ವರ್ಷದ್ದು ಸೇರಿ ಆರು ಕಿಲೋ. ನಾಲ್ಕು ವರ್ಷ ಅಣ್ಣನ ತಪ್ಪು ಹೇಳಿಕೊಂಡು ತಿರುಗಿದವನು ಈ ಆರು ಕಿಲೋ ಬಗ್ಗೆ ಒಬ್ಬರಿಗೂ ಹೇಳಿರಲಿಲ್ಲ. ಹಾಳೆಯಲ್ಲಿ ಬರೆದೆ.

ಕೀರ್ತನೆ 51 ದಾವೀದನ ಪಶ್ಚಾತ್ತಾಪದ ಹಾಡು. ಧರ್ಮಸಭೆಯ ದಿನದ ಪ್ರಾರ್ಥನೆಯಲ್ಲಿ ಅದು ಪ್ರತಿ ಶುಕ್ರವಾರ ಬೆಳಗ್ಗೆ ಬರುತ್ತದೆ. ಹಾಳೆ ಬರೆದ ದಿನ ಅದನ್ನು ಹೇಳಿ ಮಲಗಿ.

ಪಾಪನಿವೇದನೆ

ನಮ್ಮ ಕಡೆ ಕೊಂಕಣಿಯವರು ಕುಮ್ಸಾರ್ ಅನ್ನುತ್ತಾರೆ, ಮಲಯಾಳಂನವರು ಕುಂಬಸಾರಂ ಅನ್ನುತ್ತಾರೆ. ಎರಡೂ ಒಂದೇ ಪೋರ್ಚುಗೀಸ್ ಮಾತಿನಿಂದ ಬಂದವು. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅನ್ನುವ ನಿಯಮ 1215ರ ಲ್ಯಾಟರನ್ ಮಹಾಸಭೆಯಿಂದ ಇದೆ. ಎಷ್ಟೋ ವರ್ಷದಿಂದ ಹೋಗದವರು ಹೆದರಬೇಡಿ. "ಫಾದರ್, ತುಂಬಾ ವರ್ಷವಾಯಿತು, ಹೇಗೆ ಅಂತ ಮರೆತಿದೆ, ಸಹಾಯ ಮಾಡಿ" ಅಂದರೆ ಅವರೇ ಕೈ ಹಿಡಿದು ನಡೆಸುತ್ತಾರೆ.

ಹೊತ್ತು ಮೊದಲೇ ಕೇಳಿಕೊಳ್ಳಿ. ಭಾನುವಾರ ಪೂಜೆಗೆ ಐದು ನಿಮಿಷ ಇರುವಾಗ ಹೋದರೆ ಅವಸರವಾಗುತ್ತದೆ. ತಪಸ್ಸು ಕಾಲದಲ್ಲಿ ಅಕ್ಕಪಕ್ಕದ ಚರ್ಚುಗಳ ಗುರುಗಳು ಸೇರಿ ಪಾಪನಿವೇದನೆ ಕೇಳುವ ದಿನಗಳಿರುತ್ತವೆ, ನಿಮ್ಮ ಭಾಷೆ ಬಲ್ಲ ಗುರುಗಳು ಸಿಗೋಕೆ ಅದು ಒಳ್ಳೆ ಅವಕಾಶ. ನಿಮ್ಮ ಊರಿನ ಫಾದರ್ ಮುಂದೆ ನಾಚಿಕೆ ಅನ್ನಿಸಿದರೆ ಪಕ್ಕದ ಊರಿಗೆ ಹೋಗಿ, ತಪ್ಪೇನಿಲ್ಲ. ಜಾಲರಿಯ ಹಿಂದಿನಿಂದಲೂ ಹೇಳಬಹುದು, ಎದುರಿಗೆ ಕೂತೂ ಹೇಳಬಹುದು.

ಒಳಗೆ ಹೋಗಿ ಶಿಲುಬೆ ಗುರುತು ಹಾಕಿ. ಕೊನೆಯ ಪಾಪನಿವೇದನೆ ಯಾವಾಗ ಮಾಡಿದ್ದು ಹೇಳಿ. 1973ರಲ್ಲಿ ಬಂದ ಕ್ರಮದಲ್ಲಿ ಇಲ್ಲೇ ಒಂದು ವಾಕ್ಯ ಓದೋಕೂ ಜಾಗ ಇದೆ. ನೀವು ವಾರಗಟ್ಟಲೆ ಓದಿದ ವಚನವನ್ನು ಓದಲಾ ಅಂತ ಕೇಳಬಹುದು. ಆಮೇಲೆ ಪಾಪಗಳು. ದೊಡ್ಡ ಪಾಪಗಳನ್ನು ಏನು, ಎಷ್ಟು ಸಲ ಅಂತ ನೇರವಾಗಿ ಹೇಳಬೇಕು. ಕತೆ ಬೇಡ. ನಾನು ಕತೆ ಶುರು ಮಾಡಿದ್ದೆ. "ಅಣ್ಣನ ತಪ್ಪು ಅಣ್ಣನೇ ಹೇಳಿಕೊಳ್ಳಲಿ, ನಿಮ್ಮದು ಹೇಳಿ" ಅಂದರು ಫಾದರ್. ಮೆತ್ತಗೇ ಅಂದರು. ಆಮೇಲೆ ಎರಡು ನಿಮಿಷದಲ್ಲಿ ಮುಗಿಯಿತು.

ಗುರುಗಳು ಬುದ್ಧಿಮಾತು ಹೇಳಿ, ಪ್ರಾಯಶ್ಚಿತ್ತ ಕೊಡುತ್ತಾರೆ. ನೀವು ಪಶ್ಚಾತ್ತಾಪದ ಪ್ರಾರ್ಥನೆ ಹೇಳಬೇಕು. ಬಾಯಿಪಾಠ ಬರದಿದ್ದರೆ ಚೀಟಿ ನೋಡಿ ಓದಿ. ಆಮೇಲೆ ಗುರುಗಳು ಕೈ ಚಾಚಿ ಪಾಪವಿಮೋಚನೆಯ ಮಾತು ಹೇಳುತ್ತಾರೆ. ಆ ಮಾತನ್ನು ಕಿವಿಗೊಟ್ಟು ಕೇಳಿ, ಎದ್ದು ಹೊರಡುವ ತಯಾರಿಯಲ್ಲಿ ಇರಬೇಡಿ. ನೀವು ಹೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವ ಹಾಗಿಲ್ಲ. ಹೇಳಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ.

ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವುದು

ಪಾಪವಿಮೋಚನೆ ಸಿಕ್ಕಿತು, ಮೆಣಸು ನನ್ನ ಹತ್ತಿರವೇ ಇರಲಿ ಅನ್ನುವ ಹಾಗಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಹಾಳು ಮಾಡಿದ ಹೆಸರನ್ನು ಸರಿಮಾಡಬೇಕು, ಕೈಲಾದಷ್ಟು ನಷ್ಟ ತುಂಬಬೇಕು ಅನ್ನೋದು ಧರ್ಮಸಭೆಯ ಸ್ಪಷ್ಟ ಬೋಧನೆ. ಜಕ್ಕಾಯ ಯೇಸುವನ್ನು ನೋಡೋಕೆ ಹತ್ತಿದ್ದ ಅತ್ತಿಮರದಿಂದ ಇಳಿದು ಬಂದು, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಾನೂ ನಾಲ್ಕರಷ್ಟು ಕೊಡಬೇಕಾ ಅಂತ ಫಾದರ್ ಹತ್ತಿರ ಕೇಳಿದ್ದೆ. "ತೆಗೆದುಕೊಂಡಷ್ಟು ಕೊಡಿ, ಆದರೆ ನೀವೇ ಕೊಂಡುಹೋಗಿ ಕೊಡಿ, ಆಳಿನ ಕೈಲಿ ಕಳಿಸಬೇಡಿ" ಅಂದರು.

ಚಾಡಿ ಹೇಳಿ ಹೆಸರು ಕೆಡಿಸಿದ್ದರೆ ಕೆಲಸ ಕಷ್ಟ. ಯಾರ ಮುಂದೆ ಹೇಳಿದ್ದಿರೋ ಅವರ ಮುಂದೆಯೇ "ನಾನು ಹೇಳಿದ್ದು ಸರಿಯಲ್ಲ" ಅನ್ನಬೇಕು. ನಾನು ಸೊಸೈಟಿಯಲ್ಲಿ ಇಬ್ಬರ ಮುಂದೆ, ಸೆಲೂನಿನಲ್ಲಿ ಒಬ್ಬರ ಮುಂದೆ ಹೇಳಬೇಕಾಯಿತು. ಮೆಣಸು ಹೊರುವುದಕ್ಕಿಂತ ಅದು ಭಾರವಾಗಿತ್ತು.

ಹೋಗುವುದು

ಮೊದಲೇ ಹೇಳಿ ಹೋಗಿ. "ನಾಳೆ ಸಂಜೆ ಐದು ನಿಮಿಷ ಬರಲಾ?" ಅಂತ ಒಂದು ಫೋನ್ ಸಾಕು. ಕುಡಿದು ಹೋಗಬೇಡಿ, ಕುಡಿಯುವ ಹೊತ್ತಿನಲ್ಲೂ ಹೋಗಬೇಡಿ. ಮದುವೆ ಮನೆಯಲ್ಲಿ, ಹಬ್ಬದ ದಿನ, ನೆಂಟರ ಮುಂದೆ ಬೇಡ. ಮತ್ತಾಯ 18ರಲ್ಲಿ ಯೇಸು ಹೇಳೋದೂ ಇಬ್ಬರೇ ಇರುವಾಗ ಮಾತಾಡಿ ಅಂತ.

ಹೇಳಬೇಕಾದ್ದು ಮೂರೇ ವಾಕ್ಯ. ನಾನು ಇಂಥದ್ದು ಮಾಡಿದೆ. ಅದು ತಪ್ಪು. ನನ್ನನ್ನು ಕ್ಷಮಿಸು. "ಆದರೆ" ಅನ್ನುವ ಮಾತು ಬೇಡವೇ ಬೇಡ. "ನಿನಗೆ ಬೇಜಾರಾಗಿದ್ದರೆ ಕ್ಷಮಿಸು" ಅನ್ನೋದೂ ಬೇಡ, ಬೇಜಾರಾಗಿದೆ ಅಂತ ಗೊತ್ತಿದ್ದೇ ಅಲ್ವಾ ಹೋಗಿರೋದು? ಅವರು ಬೈದರೆ ಬೈಸಿಕೊಳ್ಳಿ. ಬಾಗಿಲು ತೆಗೆಯದಿದ್ದರೆ ಕೊಡಬೇಕಾದ್ದನ್ನು ಜಗುಲಿಯಲ್ಲಿ ಇಟ್ಟು ಬನ್ನಿ, ಇನ್ನೊಂದು ತಿಂಗಳಿಗೆ ಮತ್ತೆ ಹೋಗಿ. ಅವರು ಕ್ಷಮಿಸೋದು ಅವರ ಮತ್ತು ದೇವರ ನಡುವಿನ ಕೆಲಸ, ಅದಕ್ಕೆ ನಾವು ಗಡುವು ಹಾಕುವ ಹಾಗಿಲ್ಲ.

ಎಲ್ಲ ಕಡೆಗೂ ಹೋಗಬಾರದು ಅನ್ನೋದನ್ನೂ ಒತ್ತಿ ಹೇಳಬೇಕು. ಹೊಡೆತ, ಲೈಂಗಿಕ ದೌರ್ಜನ್ಯ, ಜೀವಭಯ ಇರುವ ಮನೆಗೆ ಕ್ಷಮೆಯ ಹೆಸರಿನಲ್ಲಿ ಯಾರನ್ನೂ ಕಳಿಸಬೇಡಿ. ಮನಸ್ಸಿನೊಳಗೆ ದ್ವೇಷ ಬಿಡೋದು ಬೇರೆ, ಆ ಬಾಗಿಲು ದಾಟೋದು ಬೇರೆ. ಪೊಲೀಸರಿಗೆ ದೂರು ಕೊಡೋದು ಪಾಪವಲ್ಲ. ಇನ್ನು, ಜಗಳವಾಡಿದ ವ್ಯಕ್ತಿ ತೀರಿಕೊಂಡಿದ್ದರೆ ಸಮಾಧಿಯ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ, ಅವರ ಹೆಸರಿನಲ್ಲಿ ಪೂಜೆ ಕೊಡಿಸಿ, ಕೊಡಬೇಕಾದ್ದು ಏನಾದರೂ ಇದ್ದರೆ ಅವರ ಮಕ್ಕಳಿಗೆ ಕೊಡಿ.

ನಾನು ಹೋಗಿದ್ದು ಪಾಸ್ಖಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ. ಹೊರಡುವ ಮೊದಲು ಆದಿಕಾಂಡ 33 ಓದಿದೆ, ಅದೇ ನನ್ನ ಪ್ರಾಯಶ್ಚಿತ್ತವೂ ಆಗಿತ್ತು. ಚೀಲದಲ್ಲಿ ಆರು ಕಿಲೋ ಮೆಣಸು. ಅಣ್ಣ ಜಗುಲಿಯಲ್ಲಿ ಕೂತಿದ್ದ. ಮೂರು ವಾಕ್ಯ ಹೇಳಿ ಚೀಲ ಇಟ್ಟೆ. ಅವನು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅಂಗೈಗೆ ಹಾಕಿಕೊಂಡ, ಊದಿದ, ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದ. "ಇನ್ನೆರಡು ಬಿಸಿಲು ಬೇಕಿತ್ತು ಇದಕ್ಕೆ" ಅಂದ. ಅಪ್ಪ ಅನ್ನುತ್ತಿದ್ದ ಹಾಗೆಯೇ, ಅದೇ ದನಿಯಲ್ಲಿ. ಒಳಗೆ ತಿರುಗಿ ಅತ್ತಿಗೆಗೆ ಕಾಫಿ ತರೋಕೆ ಹೇಳಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದೆ. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಕೋಬ ಏಸಾವನಿಗೆ ಹೇಳಿದ ಮಾತು ಆಗ ನೆನಪಾಯಿತು: ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು.

ಆಮೇಲಿನ ದಿನಗಳು

ಒಂದೇ ದಿನಕ್ಕೆ ಎಲ್ಲ ಮೊದಲಿನ ಹಾಗಾಗುತ್ತದೆ ಅಂದುಕೊಳ್ಳಬೇಡಿ. ಯಕೋಬ ಏಸಾವರೂ ಅತ್ತು ತಬ್ಬಿಕೊಂಡ ಮೇಲೆ ಒಂದೇ ಮನೆಗೆ ಹೋಗಲಿಲ್ಲ. ಏಸಾವ ಸೇಯೀರಿಗೆ ಹೋದ, ಯಕೋಬ ಸುಕ್ಕೋತಿಗೆ. ಬೇರೆ ಬೇರೆ ಇದ್ದೂ ಅಣ್ಣ ತಮ್ಮಂದಿರಾಗಿರಬಹುದು. ಹಳೇ ಕೋಪ ನಡುರಾತ್ರಿ ಎದ್ದು ಬರುತ್ತದೆ. ಎಷ್ಟು ಸಲ ಕ್ಷಮಿಸಬೇಕು ಅಂತ ಪೇತ್ರ ಕೇಳಿದ್ದು ಸುಮ್ನೆ ಅಲ್ಲ. ಒಂದೇ ತಪ್ಪನ್ನು ಹತ್ತು ಸಲ ಕ್ಷಮಿಸಬೇಕಾಗುತ್ತದೆ. ಕೋಪ ಬಂದ ಹೊತ್ತಿಗೆ ಆ ವ್ಯಕ್ತಿಯ ಹೆಸರು ಹೇಳಿ ಯೇಸು ಕಲಿಸಿದ ಪ್ರಾರ್ಥನೆ, ಒಂದು ಪರಲೋಕ ಮಂತ್ರ, ಹೇಳೋದು ನಾನು ಮಾಡಿಕೊಂಡ ಅಭ್ಯಾಸ. ಬೆಳಗಿನ ಓದು ನಿಲ್ಲಿಸಬೇಡಿ.

ಆಸ್ತಿಯ ವಿಷಯವಾದರೆ ಕಾಗದಪತ್ರವನ್ನೂ ಸರಿಮಾಡಿಕೊಳ್ಳಿ. ಪ್ರೀತಿ ಇದೆಯಲ್ಲ, ಅಳತೆ ಯಾಕೆ ಅಂತ ಬಿಟ್ಟರೆ ಜಗಳ ಮಕ್ಕಳ ಕಾಲಕ್ಕೆ ಹೋಗುತ್ತದೆ. ನಾವು ಇಬ್ಬರೂ ಸೇರಿಯೇ ಅರ್ಜಿ ಹಾಕಿ ಸರ್ವೆ ಮಾಡಿಸಿದೆವು. ಕೆಳಗಿನ ಮರ ಅಪ್ಪ ಹೇಳಿದ ಹಾಗೆ ಅಣ್ಣನ ಕಡೆಗೆ ಬಂತು. ಮೇಲಿನದು ಸರಿಯಾಗಿ ಗೆರೆಯ ಮೇಲೆ. ಅದರ ಮೆಣಸು ಪ್ರತಿ ವರ್ಷ ಚರ್ಚಿಗೆ ಅಂತ ಮಾತಾಡಿಕೊಂಡಿದ್ದೇವೆ. ಈ ಜನವರಿಯಲ್ಲಿ ಕೊಯ್ದೆವು. ಏಣಿ ಅಣ್ಣನ ಮನೆಯದು. ನಾನು ಹತ್ತಿದೆ, ಅವನು ಕೆಳಗೆ ಹಿಡಿದುಕೊಂಡಿದ್ದ.